ಸೆಕೆಂಡಕ್ಕ ಆಕಾಶಕ್ಕೆ ಕೀ ಕೊಟ್ಟಿದ್ದು

“ನಕ್ಷತ್ರ ಓಡಿ ಹೋಗೋದಿರಲಿ, ನನ್ನ ಕಣ್ಣು ತಪ್ಪಿಸಿ ಒಂದು ಕೂದಲೆಳೆ ಅಲ್ಲಾಡೋಕೂ ಬಿಡೋದಿಲ್ಲ!”

ಶಾಲೆಯ ಸ್ಟಾಫ್ ರೂಮಿನಲ್ಲಿ, ಹದಿನಾಲ್ಕು ಜನ ಟೀಚರುಗಳ ಎದುರಿಗೆ, ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಸೆಕೆಂಡಕ್ಕ ಹೀಗೆ ಘೋಷಿಸಿದಾಗ, ಪಕ್ಕದಲ್ಲಿ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದ ಅವಳ ಯಜಮಾನರು ಅದ್ದಿದಲ್ಲೇ ಕೈಬಿಟ್ಟರು. ಬಿಸ್ಕತ್ತು ಮುಳುಗಿತು. ಮುಂದೆ ಇನ್ನೂ ಏನೇನು ಮುಳುಗಲಿಕ್ಕಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಸೆಕೆಂಡಕ್ಕ ಅಂದರೆ ಗಡಿಯಾರ ರಿಪೇರಿ ಅಂಗಡಿಯ ಒಡತಿ. ಅವಳಿರುವ ಕಟ್ಟಡದಲ್ಲಿ ಕೆಳಗೆ ಎರಡು ಅಂಗಡಿ. ಒಂದು ಅವಳದು, ಇನ್ನೊಂದು ಟೈಲರನದು. ಅಂಗಡಿಗಳ ಮೇಲೆ ಅವಳ ಮನೆ. ಮನೆಯ ಮೇಲೆ ತಾರಸಿ. ತಾರಸಿಯ ಮೇಲೆ ಆಕಾಶ. ಇದರಲ್ಲಿ ತಾರಸಿಯವರೆಗಿನದೆಲ್ಲ ತನ್ನ ಟೈಮಿಗೆ ಸರಿಯಾಗಿ ನಡೆಯುತ್ತಿದೆ, ಆಕಾಶವೊಂದೇ ಬಾಕಿ ಎಂಬುದು ಅವಳ ನಂಬಿಕೆ. ಬೀದಿಯವರು ಅವಳಿಗೆ ಸೆಕೆಂಡಕ್ಕ ಅಂತ ಹೆಸರಿಟ್ಟದ್ದು ಅವಳು ಯಾರಿಗೋ ಎರಡನೆಯವಳು ಅಂತಲ್ಲ. ಹಾಗೆ ಅಂದುಕೊಂಡು ಅಂಗಡಿಗೆ ಬಂದವರು ಹೊರಗೆ ಹೋಗುವಾಗ ಬೇರೆಯೇ ಮುಖ ಹೊತ್ತು ಹೋಗಿದ್ದಾರೆ. “ಐದು ನಿಮಿಷದಲ್ಲಿ ಬರ್ತೀನಿ” ಅಂದವನು ಐದು ನಿಮಿಷ ಎಂಟು ಸೆಕೆಂಡಿಗೆ ಬಂದರೆ, ಆ ಎಂಟು ಸೆಕೆಂಡಿನ ವಿವರ ಕೇಳುವವಳು ಅವಳು!

ಇಂಥವಳಿಗೆ ಸಿಕ್ಕ ಯಜಮಾನರು ಡ್ರಿಲ್ ಮೇಷ್ಟ್ರು. ಅದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಸೀಟಿ ಊದಿ, ಹೋದ ವರ್ಷ ನಿವೃತ್ತರಾದವರು. ಮೈದಾನದಲ್ಲಿ ಮಕ್ಕಳ ಕಾಲು ಒಂದು ಬೆರಳು ಹಿಂದೆ ಮುಂದೆ ಆದರೂ ಗುರುತಿಸುವ ಕಣ್ಣು. ಆದರೆ ಗಡಿಯಾರ ಮಾತ್ರ ಅವರ ಕಣ್ಣಿಗೆ ಗೋಡೆಯ ಅಲಂಕಾರ. ಊಟಕ್ಕೆ ಕರೆದರೆ “ಬಂದೆ” ಅನ್ನುತ್ತಾರೆ. ಆ “ಬಂದೆ” ಭೂತಕಾಲವೋ, ಭವಿಷ್ಯತ್ಕಾಲವೋ, ಬರೀ ಕಾಲಹರಣವೋ, ಮದುವೆಯಾಗಿ ಇಷ್ಟು ವರ್ಷವಾದರೂ ಸೆಕೆಂಡಕ್ಕನಿಗೆ ತಿಳಿದಿಲ್ಲ.

ಶಾಲೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ, ಒಂದು ಹಳೇ ಟೆಲಿಸ್ಕೋಪು ಬಿದ್ದಿತ್ತು. ಮೇಷ್ಟ್ರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ಕ್ಯಾಮೆರಾ ಸಿಕ್ಕಿಸಿ, ಮಹಾವ್ಯಾಧ ಎಂಬ ನಕ್ಷತ್ರಪುಂಜದ ಸೊಂಟಪಟ್ಟಿಯ ಕೆಳಗಿರುವ ನೀಹಾರಿಕೆಯ ಫೋಟೋ ತೆಗೆಯಬೇಕೆಂಬ ಆಸೆ. ನೀಹಾರಿಕೆ ಅಂದರೆ ಹೊಳೆಯುವ ಮೋಡ, ಆದರೆ ತೀರಾ ಮಂಕು. ಕ್ಯಾಮೆರಾದ ಕಣ್ಣನ್ನು ಹತ್ತು ನಿಮಿಷ ತೆರೆದಿಟ್ಟರೆ ಮಾತ್ರ ಅದರ ಬಣ್ಣ ಮೂಡುತ್ತದೆ. ಆ ಹತ್ತು ನಿಮಿಷ ಆಕಾಶ ಸುಮ್ಮನೆ ಕೂತಿರುತ್ತದೆಯೇ? ಪೂರ್ವದಿಂದ ಪಶ್ಚಿಮಕ್ಕೆ ಜಾರುತ್ತಲೇ ಇರುತ್ತದೆ. ಅದಕ್ಕೇ ಟೆಲಿಸ್ಕೋಪಿನ ಬುಡದಲ್ಲಿ ಮೌಂಟ್ ಅಂತ ಒಂದು ಯಂತ್ರ. ನಕ್ಷತ್ರ ಹೋದ ಕಡೆಗೇ ಟೆಲಿಸ್ಕೋಪನ್ನೂ ಮೆಲ್ಲಗೆ ತಿರುಗಿಸುತ್ತ ಹೋಗುವುದು ಅದರ ಕೆಲಸ. ಈ ಮೌಂಟಿಗೋ ವಯಸ್ಸಾಗಿತ್ತು. ಎರಡು ಹೆಜ್ಜೆ ಹೋಗುತ್ತಿತ್ತು, ನಿಂತು ಉಸಿರು ತಗೊಳ್ಳುತ್ತಿತ್ತು, ಆಮೇಲೆ ಗಾಬರಿಯಾಗಿ ನಾಲ್ಕು ಹೆಜ್ಜೆ ಓಡುತ್ತಿತ್ತು. ಮೇಷ್ಟ್ರು ತೆಗೆದ ಮೊದಲ ಫೋಟೋ ನೋಡಿದವರೆಲ್ಲ “ಎರೆಹುಳು ಎಷ್ಟು ಚೆನ್ನಾಗಿ ಬಂದಿದೆ” ಅಂತ ಮೆಚ್ಚಿಕೊಂಡರು.

ಹೆಡ್ ಮೇಡಂ ಖಡಾಖಂಡಿತ ಹೇಳಿಬಿಟ್ಟಿದ್ದರು: “ಮೇಷ್ಟ್ರೇ, ಇನ್ನೆರಡು ತಿಂಗಳಿಗೆ ಉಗ್ರಾಣ ಖಾಲಿ ಮಾಡಿಸ್ತೀನಿ. ಆ ಟೆಲಿಸ್ಕೋಪಿಂದ ಒಂದು ಒಳ್ಳೆ ಚಿತ್ರ ತೆಗೆದು ತೋರಿಸಿ, ವರಾಂಡದ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕ್ತೀನಿ. ಆಗಲಿಲ್ಲವೋ, ಗುಜರಿಗೆ.”

ವರಾಂಡದ ಗೋಡೆ! ಅಲ್ಲಿ ರ‍್ಯಾಂಕ್ ಬಂದ ಮಕ್ಕಳ ಫೋಟೋ ಇತ್ತು, ಹಳೇ ಹೆಡ್ ಮಾಸ್ತರುಗಳ ಫೋಟೋ ಇತ್ತು, ಶಾಲೆಗೆ ನಲ್ಲಿ ಹಾಕಿಸಿಕೊಟ್ಟವರ ಫೋಟೋ ಕೂಡ ಇತ್ತು. ಮೂವತ್ತೊಂದು ವರ್ಷ ಬಿಸಿಲಲ್ಲಿ ನಿಂತವರದು ಒಂದು ಗೆರೆಯೂ ಇರಲಿಲ್ಲ. ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಆ ದಿನ ಸ್ಟಾಫ್ ರೂಮಿಗೆ ಅವಳು ಜೊತೆಗೆ ಬಂದದ್ದು ಅದಕ್ಕೇ. ಟೀ ಲೋಟ ಕುಕ್ಕಿದ್ದೂ ಅದಕ್ಕೇ.

ಸೈನ್ಸ್ ಟೀಚರ್ ಏನೋ ಹೇಳಲು ಬಾಯಿ ತೆರೆದರು. “ಮೇಡಂ, ಕಾಲದ ವಿಷಯ ನನಗೆ ಹೇಳಿಕೊಡೋರು ಇನ್ನೂ ಹುಟ್ಟಿಲ್ಲ” ಎಂದು ಸೆಕೆಂಡಕ್ಕ ನಕ್ಕಳು. ಟೀಚರ್ ಬಾಯಿ ಮುಚ್ಚಿದರು.

ಮಾರನೇ ದಿನದಿಂದಲೇ ಕಾರ್ಯಾಚರಣೆ! ಅಂಗಡಿಯ ಮೇಜಿನ ಮೇಲೆ ಮೌಂಟನ್ನು ಬಿಚ್ಚಿ ಹರವಿದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು, ಒಂದೊಂದೇ ಹಲ್ಲುಚಕ್ರವನ್ನು ಪರೀಕ್ಷಿಸಿದಳು. ಹಲ್ಲಿನ ಸಂದಿಯಲ್ಲಿ ಹಳೇ ಗ್ರೀಸು ಅಂಟಿನುಂಡೆಯಾಗಿ ಕೂತಿತ್ತು.

“ಇದು ಹಲ್ಲುಜ್ಜಿ ಎಷ್ಟು ವರ್ಷ ಆಯ್ತು?” ಎಂದು ಗಂಡನನ್ನು ಗದರಿದಳು, ಹಲ್ಲು ಅವರದೇ ಎಂಬ ಹಾಗೆ.

ಎಂಟು ದಿನ ಉಜ್ಜಿದಳು. ಗೀರುಗಳನ್ನು ನುಣ್ಣಗೆ ಅರೆದಳು. ಚಕ್ರಕ್ಕೂ ಚಕ್ರಕ್ಕೂ ನಡುವೆ ಸಿಗರೇಟಿನ ಕಾಗದ ಇಟ್ಟು ಸಂದಿ ಅಳೆದಳು. ಕೊನೆಗೆ ಮೌಂಟನ್ನು ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗಿತ್ತು. ಮೋಟರನ್ನು ನಡೆಸುವ ಹಳೇ ಸರ್ಕ್ಯೂಟು ಸುಟ್ಟು ಕರಕಲಾಗಿದ್ದರಿಂದ ಅದನ್ನು ಕಸದ ಬುಟ್ಟಿಗೆ ಎಸೆದಳು. ಅದರ ಜಾಗಕ್ಕೆ ಯಾರು ಬಂದರು? ಅವಳ ಅಪ್ಪನ ಟೇಬಲ್ ಗಡಿಯಾರ!

ಆ ಗಡಿಯಾರದ ಮಾತೇ ಬೇರೆ. ಅವಳ ಅಪ್ಪ ಸ್ವಂತ ಕೈಯಿಂದ ಕೂರಿಸಿದ ಯಂತ್ರ. ಮಲಗುವ ಕೋಣೆಯ ಗೂಡಿನಲ್ಲಿ, ಅವಳ ತಲೆದಿಂಬಿನ ಪಕ್ಕ ಅದರ ಜಾಗ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ನೋಡುವುದು ಅದರ ಮುಖ, ಆಮೇಲೆ ಮೇಷ್ಟ್ರ ಮುಖ. ವಾರಕ್ಕೆ ಎರಡು ಸೆಕೆಂಡು ಕೂಡ ಆಚೀಚೆ ಆಗಿದ್ದಿಲ್ಲ. ಗಡಿಯಾರ ಒಂದು ಸಲ ಟಿಕ್ ಅಂದರೆ ಮೋಟರ್ ಒಂದು ಹೆಜ್ಜೆ ಇಡಬೇಕು, ಅಷ್ಟೇ. ರೇಡಿಯೋ ರಿಪೇರಿಯವನು ಅದಕ್ಕೆ ಬೇಕಾದ ತಂತಿ ಬೆಸೆದುಕೊಟ್ಟ. ಇಪ್ಪತ್ತನಾಲ್ಕು ಗಂಟೆಗೆ ಸರಿಯಾಗಿ ಒಂದು ಸುತ್ತು, ಒಂದು ಹಲ್ಲು ಹೆಚ್ಚಿಲ್ಲ, ಒಂದು ಹಲ್ಲು ಕಡಿಮೆಯಿಲ್ಲ.

“ರೀ, ಭೂಮಿ ಬೇಕಾದ್ರೆ ತಪ್ಪಲಿ, ಅಪ್ಪನ ಗಡಿಯಾರ ತಪ್ಪೋದಿಲ್ಲ” ಎಂದು ಗಡಿಯಾರಕ್ಕೆ ಕೀ ಕೊಟ್ಟಳು.

ಸಂಜೆ ಎಂಟಕ್ಕೆ ತಾರಸಿಯಲ್ಲಿ ಫೋಟೋ ಆಯಿತು. ಮೇಷ್ಟ್ರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರು. ಸೆಕೆಂಡಕ್ಕ ಪರದೆಗೇ ಭೂತಗನ್ನಡಿ ಒತ್ತಿ ನೋಡಿದಳು.

ಎರೆಹುಳು ಮಾಯವಾಗಿತ್ತು. ಆದರೆ ನಕ್ಷತ್ರಗಳು ಚುಕ್ಕೆಯಾಗಿರಲಿಲ್ಲ. ಒಂದೊಂದೂ ಉದ್ದಕ್ಕೆ ಎಳೆದುಕೊಂಡು, ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು.

“ಜೀರಿಗೆ” ಅಂದರು ಮೇಷ್ಟ್ರು.

“ಏನು?”

“ಏನಿಲ್ಲ. ಕರಿ ಬಟ್ಟೆ ಮೇಲೆ ಜೀರಿಗೆ ಚೆಲ್ಲಿದ ಹಾಗೆ ಕಾಣ್ತಿದೆ ಅಂದೆ. ಚೆನ್ನಾಗಿದೆ.”

“ಚೆನ್ನಾಗಿದೆಯಂತೆ! ಮನೆ ನಡುಗ್ತಿದೆ ಕಣ್ರೀ! ಅದಕ್ಕೇ ಹೀಗಾಗಿದೆ!”

ಅಲ್ಲಿಂದ ಆ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಸಂಜೆ ಏಳರಿಂದ ಒಂಬತ್ತರವರೆಗೆ ವಾಷಿಂಗ್ ಮೆಷೀನ್ ನಿಷೇಧ. ಮಿಕ್ಸಿ ನಿಷೇಧ. ಫ್ರಿಜ್ಜಿನ ಸ್ವಿಚ್ಚು ಬಂದ್, ಹಾಲು ಒಡೆಯಿತು. ಮೇಷ್ಟ್ರು ಕುರ್ಚಿಯಿಂದ ಏಳುವುದು ನಿಷೇಧ. ಸೀನು ಬಂದರೆ ಮೂಗು ಹಿಡಿದುಕೊಳ್ಳಬೇಕು. ಹಿಡಿದುಕೊಂಡರು, ಕಿವಿ ಎರಡು ದಿನ ಗುಂಯ್ ಅಂದಿತು. ಇಷ್ಟಾದರೂ ಜೀರಿಗೆ ಜೀರಿಗೆಯೇ. ಅವಳು ಮೆಟ್ಟಿಲಿಳಿದು ಟೈಲರನ ಬಾಗಿಲಿಗೆ ಹೋದಳು.

“ನೋಡಪ್ಪ, ಎಂಟರಿಂದ ಎಂಟೂ ಹತ್ತರವರೆಗೆ ಮೆಷೀನ್ ತುಳೀಬೇಡ. ಮೇಲೆ ನಕ್ಷತ್ರ ಅಲ್ಲಾಡ್ತಿದೆ.”

ಟೈಲರ್ ಬಾಯಲ್ಲಿದ್ದ ಗುಂಡುಸೂಜಿಯನ್ನು ತೆಗೆದಿಟ್ಟ. “ಅಕ್ಕಾ, ನಾನು ಇಲ್ಲಿ ಕೋಟು ಹೊಲಿದ್ರೆ ಅಲ್ಲಿ ಆಕಾಶ ಬಿಚ್ಚಿಕೊಳ್ಳುತ್ತಾ?”

“ಹತ್ತು ನಿಮಿಷ ಅಷ್ಟೇ. ಆರುನೂರು ಸೆಕೆಂಡು.”

ಪಾಪ, ನಿಲ್ಲಿಸಿದ. ಬ್ಯಾಂಡ್ ಸೆಟ್ಟಿನವರ ನಲವತ್ತು ಕೆಂಪು ಕೋಟುಗಳ ಆರ್ಡರು ತಲೆಯ ಮೇಲಿದ್ದರೂ ಅಕ್ಕನ ಮಾತಿಗೆ ಬೆಲೆ ಕೊಟ್ಟ. ಜೀರಿಗೆ ಮಾತ್ರ ಒಂದು ನೂಲೂ ಕುಗ್ಗಲಿಲ್ಲ.

ಆಗ ಸೆಕೆಂಡಕ್ಕನ ಕೋಪ ಟೆಲಿಸ್ಕೋಪಿನ ಮೂರು ಕಾಲಿನ ಸ್ಟ್ಯಾಂಡಿಗೆ ತಿರುಗಿತು. “ತಪ್ಪು ಕಾಲದ್ದಲ್ಲ, ಕಾಲಿನದು!” ಎಂದು ಅದನ್ನು ಮೂಲೆಗೆ ತಳ್ಳಿ, ತಾರಸಿಯ ಮೇಲೊಂದು ಸಿಮೆಂಟಿನ ಕಂಬವನ್ನೇ ನಿಲ್ಲಿಸಲು ಹೊರಟಳು. ಗಾರೆಯವನನ್ನು ಕರೆಸೋಣ ಅಂದ ಮೇಷ್ಟ್ರಿಗೆ, “ಮಿಲಿಮೀಟರಿನ ಕೆಲಸ ಮಾಡೋ ಕೈಗೆ ಮೂಟೆ ಸಿಮೆಂಟು ಯಾವ ಲೆಕ್ಕ?” ಅಂದಳು. ನೀರು ತುಂಬುವ ಪ್ಲಾಸ್ಟಿಕ್ ಡ್ರಮ್ಮಿನ ತಳ ಕೊಯ್ದು ಅಚ್ಚು ಮಾಡಿದಳು, ಸಿಮೆಂಟು ಕಲಸಿ ಸುರಿದಳು, ನೆಟ್ಟಗಿದೆಯೇ ಅಂತ ದಾರಕ್ಕೆ ಗುಂಡು ಕಟ್ಟಿ ನೋಡಿದಳು. ಕಂಬ ಭರ್ಜರಿಯಾಗಿ ಎದ್ದು ನಿಂತಿತು. ಆಮೇಲೆ ಬಾಣಲೆ, ಬಕೆಟ್ಟು, ಕರಣೆ ಎಲ್ಲವನ್ನೂ ಶಿಸ್ತಾಗಿ ತೊಳೆದು, ಆ ಗಟ್ಟಿ ನೀರನ್ನು ತಾರಸಿಯ ಮೂಲೆಯ ತೂಬಿಗೆ ಸುರಿದಳು. ಮಳೆನೀರು ಹೋಗುವ ತೂಬು. ಸಿಮೆಂಟಿನ ಗುಣ ಅದಕ್ಕೇನು ಗೊತ್ತು? ಕುಡಿಯಿತು. ಕುಡಿದದ್ದು ಗಂಟಲಲ್ಲೇ ಕಲ್ಲಾಯಿತು.

ಮೂರನೇ ದಿನ ಸಂಜೆ ಮೇಷ್ಟ್ರು ಎಂದಿನಂತೆ ಟ್ಯಾಂಕಿಗೆ ನೀರೇರಿಸುವ ಪಂಪಿನ ಸ್ವಿಚ್ಚು ಹಾಕಿ, ಎಂದಿನಂತೆ ಮರೆತು, ಪೇಪರ್ ಹಿಡಿದು ಕೂತರು. ಟ್ಯಾಂಕು ತುಂಬಿ ಅರ್ಧ ಗಂಟೆ ಹರಿಯುವುದು ಆ ಮನೆಯ ವಾಡಿಕೆ. ಆ ನೀರು ತೂಬಿನಲ್ಲಿ ಹೋಗುತ್ತಿತ್ತು. ಈ ದಿನ ಎಲ್ಲಿ ಹೋಗಬೇಕು? ತಾರಸಿ ಕೆರೆಯಾಯಿತು. ಕೆರೆ ಹೊಸ್ತಿಲು ದಾಟಿ ಮೆಟ್ಟಿಲಿಗೆ ಬಂತು. ಸೆಕೆಂಡಕ್ಕ ಅಂಗಡಿಯಲ್ಲಿ ಒಂದು ಪುಟ್ಟ ಕೈಗಡಿಯಾರದ ಹೊಟ್ಟೆಯೊಳಗೆ ಕಣ್ಣು ನೆಟ್ಟು ಕೂತಿದ್ದವಳಿಗೆ ಜಲಪಾತದ ಸದ್ದು ಕೇಳಿಸಿತು. ಅದರ ಹಿಂದೆಯೇ ಟೈಲರನ ಕೂಗು.

ಅಂಗಡಿಯಲ್ಲಿ ಜಾಗವಿಲ್ಲದೆ ಅವನು ಹೊಲಿದ ಕೋಟುಗಳನ್ನು ಮೆಟ್ಟಿಲ ಕೆಳಗೆ ತೂಗುಹಾಕಿದ್ದ. ನಲವತ್ತಕ್ಕೆ ನಲವತ್ತೂ ಧೂಳು, ಸಿಮೆಂಟು, ನೀರು ಕುಡಿದು ಜೋತುಬಿದ್ದಿದ್ದವು. ಬ್ಯಾಂಡಿನವರೇ ಸಾಲಾಗಿ ಮುಳುಗಿಹೋದ ಹಾಗಿತ್ತು.

“ಅಕ್ಕಾ! ನಿಮ್ಮ ನಕ್ಷತ್ರದ ದೆಸೆಯಿಂದ ನನ್ನ ಗ್ರಹಚಾರ ಕೆಟ್ಟಿತಲ್ಲ!”

ಸೆಕೆಂಡಕ್ಕನಿಗೆ ಮುಸ್ಸಂಜೆಗೆ ಮುಂಚೆಯೇ ನಕ್ಷತ್ರಗಳು ಕಂಡವು, ಅದೂ ಟೆಲಿಸ್ಕೋಪಿಲ್ಲದೆ. ಗಂಡನನ್ನು ಬೈಯಲು ಮೇಲೆ ಓಡಿದಳು. ಪಾದ ಮುಳುಗುವ ನೀರಿನಲ್ಲಿ ನಿಂತು ತೂಬಿಗೆ ಕೈಹಾಕಿದಳು. ಕೈಗೆ ಸಿಕ್ಕಿದ್ದು ತಾನೇ ಸುರಿದ ಸಿಮೆಂಟು. ಬೈಗುಳ ನಾಲಿಗೆಯ ತುದಿಯಿಂದ ಹಿಂದಕ್ಕೆ ಹೋಯಿತು.

“ನಾನು ಸ್ವಿಚ್ಚು ಮರೆತೆ ಕಣೇ” ಅಂದರು ಮೇಷ್ಟ್ರು, ಪಂಚೆ ಎತ್ತಿ ಹಿಡಿದು.

“ಪರವಾಗಿಲ್ಲ ಬಿಡಿ, ಎಲ್ಲರೂ ಮರೀತಾರೆ” ಅಂದಳು. ಇಷ್ಟು ವರ್ಷದಲ್ಲಿ ಅಂಥ ಮಾತು ಕೇಳಿರದ ಮೇಷ್ಟ್ರು ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದರು.

ರಾಜಿಯಾಯಿತು. ಗಂಡ ಹೆಂಡತಿ ಸೇರಿ ಎಲ್ಲ ಕೋಟುಗಳನ್ನೂ ಒಗೆದು, ಒಣಗಿಸಿ ಕೊಡಬೇಕು. ಹಗ್ಗದ ಮೇಲೆ ದಿನಕ್ಕೆ ಹಿಡಿಯುವುದು ಆರೇ ದಪ್ಪ ಕೋಟು. ಅಂದರೆ ಏಳು ದಿನದ ಕೆಲಸ. ದಿನಾ ಸಂಜೆ ಆ ಆರು ಕೋಟು ಟೈಲರನ ಕೈಗೆ ಬಂದರೆ ಅವನು ಕೂತು ಜರಿ ಪಟ್ಟಿ ಹೊಲಿಯುತ್ತಾನೆ.

“ಏಳೂಕಾಲಿಗೆ ಹಗ್ಗದಿಂದ ತೆಗೆದು ತಂದುಕೊಡಿ. ಟೈಮಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ” ಅಂದ ಟೈಲರ್. ಈ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಹಾಗೆ ಏಳು ದಿನ ತಾರಸಿಯಲ್ಲಿ ಕವಾಯತು ನಡೆಯಿತು. ಟೆಲಿಸ್ಕೋಪಿನ ಮುಂದೆ ಆಕಾಶದ ಬದಲು ಕೆಂಪು ತೋಳುಗಳು ಜೋಲಾಡುತ್ತಿದ್ದವು. ದಿನಾ ಸಂಜೆ ಮೇಷ್ಟ್ರು ಹಗ್ಗದ ಪೂರ್ವದ ತುದಿಯಲ್ಲಿ, ಮೊದಲ ಕೋಟಿನ ಕ್ಲಿಪ್ಪಿಗೆ ಕೈಯಿಟ್ಟು ತಯಾರಾಗಿ ನಿಲ್ಲಬೇಕು. ಸೆಕೆಂಡಕ್ಕ ಕೈಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು, “ಏಳೂಕಾಲು! ತೆಗೀರಿ!” ಅನ್ನಬೇಕು. ಸೀಟಿಯೊಂದು ಇರಲಿಲ್ಲ, ಅಷ್ಟೇ.

ಏಳನೇ ದಿನ ಅವಳು “ತೆಗೀರಿ!” ಅಂದಾಗ ಮೇಷ್ಟ್ರು ತೆಗೆಯಲಿಲ್ಲ. ಎದುರುಮನೆಯ ಪ್ಯಾರಪೆಟ್ ಗೋಡೆಯ ಕಡೆ ನೋಡುತ್ತ ನಿಂತಿದ್ದರು.

“ಲೇ, ನಿನ್ನ ವಾಚು ಸರಿಯಾಗಿದೆಯಾ?”

ಬೇರೆ ಯಾರಾದರೂ ಕೇಳಿದ್ದರೆ ಆ ಸಂಬಂಧ ಅಲ್ಲಿಗೆ ಮುಗಿಯುತ್ತಿತ್ತು. “ಏನಂದ್ರಿ?”

“ಕೋಪ ಮಾಡ್ಕೋಬೇಡ. ಅಲ್ಲಿ ನೋಡು, ಲುಬ್ಧಕ. ಅಷ್ಟು ಹೊಳಪಿನ ನಕ್ಷತ್ರ ಇನ್ನೊಂದಿಲ್ಲ. ಮೊದಲನೇ ದಿನ ನೀನು ‘ತೆಗೀರಿ’ ಅಂದಾಗ ಅದು ಆ ಗೋಡೆ ಅಂಚಿಂದ ಆಗ ತಾನೇ ಇಣುಕಿತ್ತು. ಮಾರನೇ ದಿನ ಅರ್ಧ ಬೆರಳು ಮೇಲಿತ್ತು. ಈಗ ನೋಡು.” ಕೈ ಚಾಚಿ ಬೆರಳಿಟ್ಟು ತೋರಿಸಿದರು. “ಪೂರಾ ಮೂರು ಬೆರಳು.”

“ನೀವೇ ತಡ ಮಾಡಿರ್ತೀರಿ.”

“ನೀನೇ ಪಕ್ಕದಲ್ಲಿ ವಾಚು ಹಿಡ್ಕೊಂಡು ನಿಂತಿದ್ದೆಯಲ್ಲೇ!”

ಸೆಕೆಂಡಕ್ಕ ವಾಚನ್ನು ಕಿವಿಗೆ ಹಿಡಿದು ನೋಡಿದಳು. ಮೇಷ್ಟ್ರು ಮುಂದುವರಿಸಿದರು: “ನಿನ್ನ ವಾಚು ಸರಿ, ನಾನೂ ಸರಿ ಅಂದ್ರೆ, ಆ ಲುಬ್ಧಕನೇ ಬೇಗ ಬರ್ತಿದ್ದಾನೆ ಅಂತ ಆಯ್ತು. ಮೂವತ್ತೊಂದು ವರ್ಷ ಗೇಟಲ್ಲಿ ನಿಂತು ತಡವಾಗಿ ಬರೋರನ್ನ ಹಿಡಿದವನು ನಾನು. ದಿನಾ ದಿನಾ ಇನ್ನೂ ಬೇಗ, ಇನ್ನೂ ಬೇಗ ಬರೋನನ್ನ ಇದೇ ಮೊದಲು ನೋಡಿದ್ದು!”

ಆ ದಿನ ಟೈಲರನಿಗೆ ಕೋಟು ಸಿಕ್ಕಿದ್ದು ಏಳೂವರೆಗೆ. ಅವನು ಗಡಿಯಾರ ನೋಡಿದ, ಅಕ್ಕನ ಮುಖ ನೋಡಿದ, ಕೋಟು ತೆಗೆದುಕೊಂಡ.

ಮರುದಿನ ಸಂಜೆ, ಒಗೆಯಲು ಕೋಟಿಲ್ಲದಿದ್ದರೂ, ಸೆಕೆಂಡಕ್ಕ ತಾರಸಿಯಲ್ಲಿದ್ದಳು. ಕಂಬಕ್ಕೆ ತಲೆ ಆನಿಸಿ, ಒಂದು ಕಣ್ಣು ಮುಚ್ಚಿ, ಗೋಡೆಯ ಅಂಚನ್ನೇ ನೋಡುತ್ತ ಕೂತಳು. ಲುಬ್ಧಕ ಇಣುಕಿದ ಕ್ಷಣ ವಾಚು ನೋಡಿ ಹೊತ್ತು ಬರೆದುಕೊಂಡಳು. ಅದರ ಮರುದಿನ ಮತ್ತೆ. ಅದರ ಮರುದಿನ ಇನ್ನೊಮ್ಮೆ. ದಿನಕ್ಕೆ ಮೂರು ನಿಮಿಷ ಐವತ್ತಾರು ಸೆಕೆಂಡು ಬೇಗ! ಎರಡು ಸಲವೂ ಅಷ್ಟೇ, ಒಂದು ಸೆಕೆಂಡು ಅತ್ತಿತ್ತ ಇಲ್ಲ.

ಅಪ್ಪನ ಗಡಿಯಾರ ಇಪ್ಪತ್ತನಾಲ್ಕು ಗಂಟೆಗೆ ಸರಿಯಾಗಿ ಒಂದು ಸುತ್ತು ಹಾಕಿಸುತ್ತಿತ್ತು. ಆಕಾಶ ಸುಮಾರು ನಾಲ್ಕು ನಿಮಿಷ ಮೊದಲೇ ಸುತ್ತು ಮುಗಿಸಿಬಿಡುತ್ತಿತ್ತು. ಬೆರಳು ಮಡಿಚಿ ಲೆಕ್ಕ ಹಾಕಿದಳು: ಹತ್ತು ನಿಮಿಷಕ್ಕೆ ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟು ಹೊತ್ತಿನಲ್ಲಿ ನಕ್ಷತ್ರ ಎಷ್ಟು ಮುಂದೆ ಹೋಗುತ್ತದೋ ಅದೇ ಜೀರಿಗೆಯ ಉದ್ದ. ಮನೆ ನಡುಗಿರಲಿಲ್ಲ. ಸ್ಟ್ಯಾಂಡು ಅಲ್ಲಾಡಿರಲಿಲ್ಲ. ಪಾಪದ ಟೈಲರನ ಮೆಷೀನು ಯಾವ ತಪ್ಪೂ ಮಾಡಿರಲಿಲ್ಲ.

ಸೈನ್ಸ್ ಟೀಚರಿಗೆ ಫೋನು ಹೋಯಿತು.

“ಹೌದಕ್ಕ” ಅಂದರು ಅವರು. “ಇಪ್ಪತ್ನಾಲ್ಕು ಗಂಟೆ ಅನ್ನೋದು ಸೂರ್ಯನ ಲೆಕ್ಕ. ಭೂಮಿ ತನ್ನ ಸುತ್ತ ತಾನು ತಿರುಗ್ತಾ ಸೂರ್ಯನ ಸುತ್ತಾನೂ ಒಂದಿಷ್ಟು ಮುಂದೆ ಹೋಗಿರುತ್ತಲ್ಲ, ಅದಕ್ಕೇ ಸೂರ್ಯನ್ನ ಮತ್ತೆ ಎದುರು ನೋಡೋಕೆ ಆ ನಾಲ್ಕು ನಿಮಿಷ ಹೆಚ್ಚು ಬೇಕು. ನಕ್ಷತ್ರಕ್ಕೆ ಬೇಡ. ಅದಕ್ಕೆ ಇಪ್ಪತ್ಮೂರು ಗಂಟೆ ಐವತ್ತಾರು ನಿಮಿಷ ನಾಲ್ಕು ಸೆಕೆಂಡು ಸಾಕು ಅಂತ ಪುಸ್ತಕದಲ್ಲಿದೆ. ನೀವು ಹೇಗೆ ಕಂಡುಹಿಡಿದ್ರಿ?”

“ಎದುರುಮನೆ ಗೋಡೆ ನೋಡಿ.”

“ಸೆಕೆಂಡು ಸಮೇತ?”

“ಸೆಕೆಂಡು ಸಮೇತ. ಪುಸ್ತಕದಲ್ಲಿ ಸರಿಯಾಗೇ ಬರ್ದಿದ್ದಾರೆ” ಎಂದು ಸೆಕೆಂಡಕ್ಕ ಪುಸ್ತಕವನ್ನು ಪಾಸು ಮಾಡಿದಳು. ಆಮೇಲೆ ದನಿ ತಗ್ಗಿಸಿ, “ಮೊದಲೇ ಹೇಳಬಹುದಿತ್ತಲ್ಲ ಮೇಡಂ?” ಅಂದಳು.

“ಆ ದಿನ ಹೇಳೋಕೇ ಬಾಯಿ ತೆಗೆದಿದ್ದೆ ಅಕ್ಕ. ಹೇಳಿಕೊಡೋರು ಇನ್ನೂ ಹುಟ್ಟಿಲ್ಲ ಅಂದ್ರಿ. ನಾನು ಹುಟ್ಟಿ ನಲವತ್ತೆರಡು ವರ್ಷ ಆಗಿತ್ತು. ಆದ್ರೂ ಸುಮ್ಮನಾದೆ.”

ಇನ್ನು ಉಳಿದದ್ದು ಒಂದೇ ಕೆಲಸ. ಅದೇ ಎಲ್ಲಕ್ಕಿಂತ ಕಷ್ಟದ್ದು. ಗಡಿಯಾರದ ಬೆನ್ನಿನ ಮುಚ್ಚಳ ತೆಗೆದರೆ ಒಳಗೆ ಒಂದು ಸಣ್ಣ ಕಡ್ಡಿ. ಅದನ್ನು ಈ ಕಡೆ ತಳ್ಳಿದರೆ ಗಡಿಯಾರ ನಿಧಾನ, ಆ ಕಡೆ ತಳ್ಳಿದರೆ ಜೋರು. ಅಪ್ಪ ಹೋದ ಮೇಲೆ ಆ ಕಡ್ಡಿಯನ್ನು ಯಾರೂ ಮುಟ್ಟಿರಲಿಲ್ಲ. ಈಗ ಗಡಿಯಾರ ದಿನಕ್ಕೆ ಮೂರು ನಿಮಿಷ ಐವತ್ತಾರು ಸೆಕೆಂಡು ಮುಂದೆ ಓಡುವ ಹಾಗೆ ಮಾಡಬೇಕು. ಕೆಟ್ಟ ಗಡಿಯಾರಗಳನ್ನು ಸಾವಿರಗಟ್ಟಲೆ ಸರಿಮಾಡಿದವಳು ಜೀವಮಾನದಲ್ಲಿ ಮೊದಲ ಸಲ, ಸರಿಯಿದ್ದ ಗಡಿಯಾರವನ್ನು ಕೆಡಿಸಲು ಕೂತಳು!

“ಅಪ್ಪಾ, ಕ್ಷಮಿಸು” ಅಂದಳು.

“ಮಾವನವರ ಪರವಾಗಿ ನಾನು ಕ್ಷಮಿಸಿದ್ದೀನಿ, ತಿರುಗಿಸು” ಅಂದರು ಮೇಷ್ಟ್ರು.

ಕಡ್ಡಿ ಹದಕ್ಕೆ ಬರಲು ನಾಲ್ಕು ದಿನ ಹಿಡಿಯಿತು. ತಪ್ಪು ಟೈಮನ್ನೂ ಸೆಕೆಂಡಿಗೆ ಸರಿಯಾಗಿಯೇ ತಪ್ಪಿಸಬೇಕಲ್ಲ! ಐದನೇ ಸಂಜೆ ಗಡಿಯಾರಕ್ಕೆ ಸರಿಯಾದ ಹೊತ್ತು ಕೊಟ್ಟು ತಾರಸಿಯ ಕಂಬದ ಬಳಿ ಮರದ ಪೆಟ್ಟಿಗೆಯಲ್ಲಿಟ್ಟರು. ಮೇಷ್ಟ್ರು ಕ್ಯಾಮೆರಾದ ಕಣ್ಣು ತೆರೆದರು. ಕೆಳಗೆ ಟೈಲರನ ಮೆಷೀನು ಧಡಧಡ ಓಡುತ್ತಿತ್ತು, ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ಗುಡುತ್ತಿತ್ತು, ಮೇಷ್ಟ್ರು ಮನಸಾರೆ ಎರಡು ಸಲ ಸೀನಿದರು.

ಹತ್ತು ನಿಮಿಷ ಕಳೆದು ಚಿತ್ರ ಪರದೆಯ ಮೇಲೆ ಬಂತು. ಕಪ್ಪಿನ ನಡುವೆ ಗುಲಾಬಿ, ನೇರಳೆ ಸೇರಿದ ಮೋಡ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಅದರ ಸುತ್ತ ನಕ್ಷತ್ರಗಳು. ಸೆಕೆಂಡಕ್ಕ ಭೂತಗನ್ನಡಿ ಒತ್ತಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹುಡುಕಿದಳು. ಒಂದು ಜೀರಿಗೆಯೂ ಸಿಗಲಿಲ್ಲ. ಎಲ್ಲ ಸೂಜಿಮೊನೆಯಷ್ಟು ದುಂಡಗೆ.

ಮೇಷ್ಟ್ರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಕೊನೆಗೆ, “ಎಲ್ಲಾ ಅಟೆನ್ಷನ್‌ನಲ್ಲಿ ನಿಂತಿದ್ದಾವೆ ನೋಡೇ” ಅಂದರು. “ನನ್ನ ಸರ್ವಿಸಲ್ಲಿ ಇಷ್ಟು ಜನ ಇಷ್ಟು ನೇರ ನಿಂತಿದ್ದು ನೋಡಿಲ್ಲ.” ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದು ಗಾಜನ್ನಲ್ಲ.

ಸೆಕೆಂಡಕ್ಕನ ಎದೆ ಎಷ್ಟು ಉಬ್ಬಿತೆಂದರೆ ಆ ವಾರ ಅಂಗಡಿಗೆ ಬಂದವರೆಲ್ಲ ಮೊದಲು ನೀಹಾರಿಕೆ ನೋಡಬೇಕು, ಆಮೇಲೆ ತಮ್ಮ ಗಡಿಯಾರದ ಕಾಯಿಲೆ ಹೇಳಬೇಕು. ಟೈಲರ್ ಕೂಡ ಬಂದು ನೋಡಿದ. “ಇದಕ್ಕಾದ್ರೆ ಕೋಟು ನೆನೆದಿದ್ದು ಸಾರ್ಥಕ ಅಕ್ಕ. ಇನ್ನೊಂದು ಸಲ ಮಾತ್ರ ಬೇಡ” ಅಂದ. ಮೇಷ್ಟ್ರಿಗೆ ಒಂದು ಚಿತ್ರ ಸಾಲಲಿಲ್ಲ; ಒಂಬತ್ತು ದಿನ ಸಂಜೆ ತಾರಸಿಯಲ್ಲೇ ಇದ್ದು ಚಿತ್ರದ ಮೇಲೆ ಚಿತ್ರ ತೆಗೆದು, ಅದರಲ್ಲೊಂದನ್ನು ಆರಿಸಿದರು. ಹೆಡ್ ಮೇಡಂ ನೋಡಿ ದಂಗಾದರು. ಗುಜರಿಯವನಿಗೆ ಬೆಂಚು ಮಾತ್ರ ಸಿಕ್ಕಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ವರಾಂಡದಲ್ಲಿ ಸಣ್ಣ ಸಮಾರಂಭ. ಟೆಲಿಸ್ಕೋಪನ್ನೂ ಮಕ್ಕಳಿಗೆ ತೋರಿಸಲು ತಂದಿಡಬೇಕು ಅಂದರು.

ಶನಿವಾರ ಸಂಜೆ ಎಲ್ಲ ಬಿಚ್ಚಿ ಕಟ್ಟಿ ಶಾಲೆಗೆ ಸಾಗಿಸಿದರು. ಮನೆಗೆ ಬಂದ ಸೆಕೆಂಡಕ್ಕ ಅಪ್ಪನ ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಒರೆಸಿ, ಮುದ್ದಾಗಿ ಗೂಡಿನಲ್ಲಿಟ್ಟು ಮಲಗಿದಳು.

ಭಾನುವಾರ ಕಣ್ಣು ಬಿಟ್ಟಳು, ಗಡಿಯಾರ ನೋಡಿದಳು, ಹೌಹಾರಿ ಎದ್ದಳು.

“ರೀ! ಏಳಿ! ಸ್ನಾನಕ್ಕೆ ಹೋಗಿ! ಗೋಡೆ ಮೇಲೆ ಚಿತ್ರ ಏರೋ ದಿನವೂ ತಡ ಮಾಡ್ತೀರಾ?”

ಮೇಷ್ಟ್ರು ಫೋನು ನೋಡಿ, “ಇನ್ನೂ ಬೇಕಾದಷ್ಟು ಟೈಮಿದೆಯಲ್ಲೇ” ಅಂದರು.

“ಟೈಮಿನ ವಿಷಯ ನೀವು ಮಾತಾಡಬೇಡಿ!”

ಅಡುಗೆಮನೆಯ ಗಡಿಯಾರವೂ ಮೇಷ್ಟ್ರ ಕಡೆಗೇ ಇತ್ತು. “ಇದರ ಸೆಲ್ಲು ಹೋಗಿದೆ” ಎಂದು ಅದನ್ನು ಗೋಡೆಯಿಂದ ಕಿತ್ತು ಬೋರಲು ಹಾಕಿದಳು. ಮೇಷ್ಟ್ರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಿಡದೆ ಬೀದಿಯುದ್ದಕ್ಕೂ ಎಳೆದುಕೊಂಡು ಹೋದಳು. ಏದುಸಿರು ಬಿಡುತ್ತ ಶಾಲೆ ಮುಟ್ಟಿದರೆ ಗೇಟು ಮುಚ್ಚಿತ್ತು. ಒಳಗೆ ಒಂದು ನರಪಿಳ್ಳೆಯಿಲ್ಲ. ಗೇಟಿನವನು ನಲ್ಲಿಯ ಹತ್ತಿರ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದ. ಇವರನ್ನು ನೋಡಿ ಬಾಯಿ ಮುಕ್ಕಳಿಸಿ, ಟವೆಲ್ಲಿನಿಂದ ಮುಖ ಒರೆಸುತ್ತ ಬಂದ.

“ಏನಕ್ಕ ಇಷ್ಟು ಬೇಗ? ಇನ್ನೂ ಮುಕ್ಕಾಲು ಗಂಟೆ ಮೇಲಿದೆಯಲ್ಲ!”

ಸೆಕೆಂಡಕ್ಕ ನಿಂತಲ್ಲೇ ನಿಂತಳು. ದಿನಕ್ಕೆ ನಾಲ್ಕು ನಿಮಿಷ. ಗಡಿಯಾರಕ್ಕೆ ಸರಿಯಾದ ಹೊತ್ತು ಕೊಟ್ಟು ಹನ್ನೆರಡು ದಿನ. ಲೆಕ್ಕ ಹಾಕಲು ಬೆರಳು ಮಡಿಚಬೇಕಾಗಲಿಲ್ಲ.

ಗೇಟಿನವನು ಅವಳ ಮುಖವನ್ನೇ ನೋಡುತ್ತ, ಊರಿನಲ್ಲಿ ಯಾರೂ ಯಾವತ್ತೂ ಅವಳನ್ನು ಕೇಳಿರದಿದ್ದ ಪ್ರಶ್ನೆಯನ್ನು ಬಹಳ ಮರ್ಯಾದೆಯಿಂದ ಕೇಳಿದ: “ತಪ್ಪು ತಿಳೀಬೇಡಿ ಅಕ್ಕ. ನಿಮ್ಮನೆ ಗಡಿಯಾರ ಏನಾದ್ರೂ ಕೆಟ್ಟಿದೆಯಾ?”

ಸೆಕೆಂಡಕ್ಕ ಬಾಯಿ ತೆರೆದಳು. ಮೇಷ್ಟ್ರು ಅವಳ ಭುಜದ ಮೇಲೆ ಕೈಯಿಟ್ಟು, ಎದೆ ಸೆಟೆಸಿ, ಪರೇಡಿನ ದನಿಯಲ್ಲಿ ಹೇಳಿದರು: “ಕೆಟ್ಟಿಲ್ಲಪ್ಪ! ನಮ್ಮನೆಯವಳು ನಕ್ಷತ್ರದ ಟೈಮಿಗೆ ಸರಿಯಾಗಿ ಬಂದಿದ್ದಾಳೆ. ಒಂದು ಸೆಕೆಂಡೂ ಆಚೀಚೆ ಇಲ್ಲ!”

ಗೇಟಿನವನು ಆಕಾಶ ನೋಡಿದ. ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕನ ಕಡೆ ತಿರುಗಿ, ಗೇಟು ತೆರೆದು, ಕಲ್ಲುಬೆಂಚಿನ ಧೂಳನ್ನು ಟವೆಲ್ಲಿನಿಂದ ಝಾಡಿಸಿದ.

“ಹಾಗಾದ್ರೆ ಇಲ್ಲೇ ಕೂತಿರಿ ಅಕ್ಕ” ಅಂದ. “ನಕ್ಷತ್ರಗಳು ಬಂದ ತಕ್ಷಣ ಒಳಗೆ ಕಳಿಸ್ತೀನಿ.”